ಕಂಪೈಲರ್ ಇದೆ, ಆದರೂ ಇಲ್ಲ

ಕಂಪ್ಯೂಟರಿಗೆ ಉಬುಂಟು ಲಿನಕ್ಸ್ ಹಾಕಿಕೊಂಡು ಹತ್ತು ದಿನವೂ ಆಗಿರಲಿಲ್ಲ. ನನಗೆ ಬೇಕಿದ್ದ ಒಂದು ಪುಟ್ಟ ಪ್ರೋಗ್ರಾಂ ಸೋರ್ಸ್ ಕೋಡ್ ಆಗಿ, ಅಂದರೆ ಪ್ರೋಗ್ರಾಮರ್ ಬರೆದ ಮೂಲ ರೂಪದಲ್ಲಿ ಮಾತ್ರ ಸಿಗುತ್ತಿತ್ತು. ರೀಡ್‌ಮಿ ಫೈಲಿನಲ್ಲಿ ಮೂರೇ ಹೆಜ್ಜೆ: ಬೇಕಾದ್ದೆಲ್ಲ ಇದೆಯಾ ನೋಡುವ ಕಾನ್ಫಿಗರ್, ಪ್ರೋಗ್ರಾಂ ಕಟ್ಟುವ ಮೇಕ್, ಅದನ್ನು ಸಿಸ್ಟಂಗೆ ಸೇರಿಸುವ ಮೇಕ್ ಇನ್‌ಸ್ಟಾಲ್. ಇಷ್ಟೇನಾ ಅಂತ ಟರ್ಮಿನಲ್ ತೆರೆದೆ. ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿದೆ. ಪಾಥ್‌ನಲ್ಲಿ (ಸಿಸ್ಟಂ ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳಲ್ಲಿ) ಸರಿಯಾದ ಸಿ ಕಂಪೈಲರ್ ಸಿಗಲಿಲ್ಲ ಅಂತ ಎರರ್ ಬಂತು. ಸೋರ್ಸ್ ಕೋಡನ್ನು ಓಡಿಸಬಲ್ಲ ಪ್ರೋಗ್ರಾಂ ಆಗಿ ಬದಲಿಸೋದು ಈ ಕಂಪೈಲರ್.

ಲಿನಕ್ಸ್ ಅಂದಮೇಲೆ ಕಂಪೈಲರ್ ಜೊತೆಗೇ ಬಂದಿರುತ್ತದೆ ಅಂತ ನಂಬಿದ್ದೆ. ಇಲ್ಲಿ ಬಂದಿರಲಿಲ್ಲ. ಮಾಮೂಲಿ ಬಳಕೆಗೆ ಅದು ಬೇಕೇ ಆಗುವುದಿಲ್ಲ, ಅಲ್ವಾ? ಬೇಕಾದವರು ಹಾಕಿಕೊಳ್ಳಬೇಕು.

ಸರಿ, ಜಿಸಿಸಿ ಅನ್ನುವ ಕಂಪೈಲರ್ ಹಾಕೋಣ ಅಂತ ಹೊರಟೆ. ಇಲ್ಲಿ ಸ್ವಲ್ಪ ಜಾಸ್ತಿ ಬುದ್ಧಿವಂತಿಕೆ ತೋರಿಸಿದೆ. ಡಿಸ್ಕ್ ಜಾಗ ಉಳಿಯುತ್ತದೆ ಅಂತ ಎಲ್ಲೋ ಓದಿದ್ದ ‘ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಅನ್ನುವ ಬಾಲವನ್ನು ಕಮಾಂಡಿಗೆ ಸೇರಿಸಿದೆ. ಅದೇನು ಮಾಡುತ್ತದೆ ಅಂತ ಗೊತ್ತಿರಲಿಲ್ಲ. ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋ ಪಾಸ್‌ವರ್ಡ್ ಕೇಳಿತು. ಟೈಪ್ ಮಾಡಿದರೆ ಪರದೆ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಕೈಬಿಟ್ಟೆ! ನನ್ನ ಉಬುಂಟುವಿನಲ್ಲಿ ಅದು ಹಾಗೇ ಇರೋದಂತೆ.

ಜಿಸಿಸಿ ಬಂತು. ವರ್ಷನ್ ಕೇಳಿದರೆ ಸರಿಯಾಗಿ ಹೇಳಿತು. ಆದರೆ ಕಾನ್ಫಿಗರ್ ಮತ್ತೆ ನಿಂತಿತು: ಈ ಕಂಪೈಲರ್‌ನಿಂದ ಎಕ್ಸಿಕ್ಯೂಟಬಲ್ ಫೈಲ್ ಮಾಡಲು ಆಗುತ್ತಿಲ್ಲ, ವಿವರಕ್ಕೆ ‘ಕಾನ್ಫಿಗ್ ಡಾಟ್ ಲಾಗ್’ ನೋಡಿ. ಕಂಪೈಲರ್ ಇದೆ, ಆದರೆ ಕಂಪೈಲ್ ಮಾಡಲ್ಲ. ಇದೆಂಥ ತಮಾಷೆ!

ಲಾಗ್ ತೆರೆದು ಕೊನೆಗೆ ಹೋದೆ. ಅಲ್ಲಿ ಬರೀ ವೇರಿಯಬಲ್‌ಗಳ ಪಟ್ಟಿ. ನಿಜವಾದ ಎರರ್ ಅದಕ್ಕಿಂತ ಮೇಲೆ, ನಡುವೆಲ್ಲೋ ಅಡಗಿರುತ್ತದೆ. ‘ಕೆನಾಟ್ ಫೈಂಡ್’ ಅಂತ ಹುಡುಕಿದಾಗ ಸಿಕ್ಕಿತು. ‘ಎಸ್‌ಸಿಆರ್‌ಟಿ1 ಡಾಟ್ ಓ’ ಅನ್ನುವ ಫೈಲ್, ತುಣುಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಲಿಂಕರ್‌ಗೆ ಕಾಣಿಸುತ್ತಿರಲಿಲ್ಲ. ಪ್ರೋಗ್ರಾಂ ಶುರುವಾದಾಗ ನಾವು ಬರೆದ ಮೇನ್ ಫಂಕ್ಷನ್‌ಗೂ ಮೊದಲು ಓಡುವ ತುಣುಕು ಅದು. ‘ಲಿಬ್‌ಸಿ6-ಡೆವ್’ ಪ್ಯಾಕೇಜಿನ ಜೊತೆ ಬರುತ್ತದೆ. ಎಸ್‌ಟಿಡಿಐಓ ಹೆಡರ್ (ಕೋಡ್ ಬಳಸುವ ಫಂಕ್ಷನ್‌ಗಳ ಪರಿಚಯ ಕಂಪೈಲರ್‌ಗೆ ಕೊಡುವ ಫೈಲ್) ಕೂಡ ಅದರಲ್ಲೇ ಇರೋದು. ಜಿಸಿಸಿ ಅದನ್ನು ‘ರೆಕಮೆಂಡ್’ ಮಾಡುತ್ತದೆ ಅಷ್ಟೇ, ಕಡ್ಡಾಯ ಅನ್ನುವುದಿಲ್ಲ. ನನ್ನ ಬಾಲ ಅದನ್ನೇ ಕತ್ತರಿಸಿತ್ತು.

ಈ ಸಲ ಬಾಲ ಬಿಟ್ಟೆ. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕೋದು, ತೆಗೆಯೋದು ಆಪ್ಟ್ ಅನ್ನುವ ಪ್ರೋಗ್ರಾಂ. ಮೊದಲು ‘ಸುಡೋ ಆಪ್ಟ್ ಅಪ್‌ಡೇಟ್’, ಆಮೇಲೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್’. ಈ ಪ್ಯಾಕೇಜಿನ ಒಳಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಜಿಸಿಸಿ, ಜಿ++, ಮೇಕ್, ಲಿಬ್‌ಸಿಯ ಡೆವ್ ಫೈಲುಗಳು ಎಲ್ಲವನ್ನೂ ಎಳೆದುಕೊಂಡು ಬರುತ್ತದೆ. ಇದನ್ನೇ ಮೊದಲು ಹಾಕಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ಕಾನ್ಫಿಗರ್ ಖುಷಿಯಾಗಿ ಓಡಿತು, ಡೇಟಾ ಕುಗ್ಗಿಸುವ ಲೈಬ್ರರಿ ಝಡ್‌ಲಿಬ್‌ನ ಹೆಡರ್ ಇಲ್ಲ ಅನ್ನುವವರೆಗೆ. ನೋಡಿದರೆ ಝಡ್‌ಲಿಬ್ ಆಗಲೇ ಸಿಸ್ಟಂನಲ್ಲಿತ್ತು. ಆದರೆ ಅದು ಪ್ರೋಗ್ರಾಂ ಓಡಿಸೋಕೆ ಬೇಕಾದ ಭಾಗ. ಕಂಪೈಲ್ ಮಾಡೋಕೆ ಹೆಡರ್ ಫೈಲುಗಳು ಬೇಕು, ಅವು ‘ಡೆವ್’ ಅಂತ ಕೊನೆಯಾಗುವ ಬೇರೆ ಪ್ಯಾಕೇಜಿನಲ್ಲಿರುತ್ತವೆ. ಇಲ್ಲಿ ‘ಝಡ್‌ಲಿಬ್‌1ಜಿ-ಡೆವ್’. ಆ ಒಂದು ಅಂಕಿಯನ್ನು ಎಲ್ ಅಕ್ಷರ ಅಂತ ಓದಿ, ಪ್ಯಾಕೇಜೇ ಇಲ್ಲ ಅನ್ನಿಸಿಕೊಂಡೆ.

ಅದೂ ಬಂದ ಮೇಲೆ ಮೇಕ್ ಸಲೀಸಾಗಿ ಮುಗಿಯಿತು. ಮೇಕ್ ಇನ್‌ಸ್ಟಾಲ್ ಮಾತ್ರ ಇನ್ನೂ ಮಾಡಿಲ್ಲ. ಅದು ಎಲ್ಲೆಲ್ಲಿ ಏನು ಹಾಕಿತು ಅನ್ನುವ ಲೆಕ್ಕ ಆಪ್ಟ್ ಹತ್ತಿರ ಇರುವುದಿಲ್ಲ, ಆಮೇಲೆ ತೆಗೆಯೋದು ತಲೆನೋವು. ಸದ್ಯಕ್ಕೆ ಆ ಫೋಲ್ಡರಿನಿಂದಲೇ ಓಡಿಸುತ್ತಿದ್ದೇನೆ.