ಪ್ರಾರ್ಥನೆಯ ಗಂಟೆಗೆ ಮೊದಲು ಒಂದು ಪತ್ತೇದಾರಿ

ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡಲು ಶುರುಮಾಡಿ 19 ವರ್ಷವಾಯಿತು. ಕೊನೆಯ ಏಳು ವರ್ಷದಲ್ಲಿ ಮೂರು ಪತ್ತೇದಾರಿ ಕಾದಂಬರಿ ಬರೆದೆ. ಇಂಗ್ಲಿಷಿನಲ್ಲಿ ಕೋಜಿ ಮಿಸ್ಟರಿ ಎನ್ನುತ್ತಾರಲ್ಲ, ಆ ಜಾತಿಯವು. ಬಂದೂಕಿಲ್ಲ, ರಕ್ತದ ವರ್ಣನೆಯಿಲ್ಲ. ಒಂದು ಸಣ್ಣ ಊರು, ಅಲ್ಲಿ ಎಲ್ಲರಿಗೂ ಎಲ್ಲರ ಗುರುತು; ಪತ್ತೆ ಮಾಡುವವರು ಪೊಲೀಸರಲ್ಲ, ಆ ಊರಿನವರೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಮ್ಮಪ್ಪ ನನ್ನ ಮೊದಲ ಹಸ್ತಪ್ರತಿ ಮುಗಿಸಿ, "ಇದು ನಮ್ಮನೆ ಜಗಲಿ ಮೇಲೇ ನಡೆದಂಗಿದೆ" ಅಂದರು. ಅಂದಿನಿಂದ ಇವನ್ನು ಊರುಮನೆ ಪತ್ತೇದಾರಿ ಎಂದೇ ಕರೆಯುತ್ತೇನೆ.

ಬರೆಯುವ ಆಸೆಯಿರುವ ಶಿಕ್ಷಕರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: ಹೊತ್ತು ಎಲ್ಲಿಂದ ತರ್ತೀರಿ? ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದಿನಚರಿಯಲ್ಲಿ ಬಿಡುವು ಹುಡುಕಬೇಡಿ, ಶಾಲೆಯ ವರ್ಷವನ್ನೇ ಹಂಚಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಒಂದು ಸಾಲೂ ಕಥೆ ಬರೆಯುವುದಿಲ್ಲ, ಟಿಪ್ಪಣಿ ಮಾತ್ರ. ದಾಖಲಾತಿ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಇಷ್ಟರ ನಡುವೆ ಅದಕ್ಕಿಂತ ಹೆಚ್ಚು ಆಗದು. ದಸರಾ ರಜೆಯಲ್ಲಿ ಕಥೆಯ ಚೌಕಟ್ಟು ಹಾಕುತ್ತೇನೆ. ನವೆಂಬರ್, ಡಿಸೆಂಬರ್‌ನಲ್ಲಿ ಬೆಳಗ್ಗೆ ಐದರಿಂದ ಆರರವರೆಗೆ ಮೊದಲ ನಾಲ್ಕೈದು ಅಧ್ಯಾಯ. ಜನವರಿಯಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಪುಸ್ತಕ ಬೀರುವಿನಲ್ಲಿ. ಆ ತಿಂಗಳುಗಳು ನನ್ನ ಹತ್ತನೇ ತರಗತಿಯ ಮಕ್ಕಳಿಗೆ ಸೇರಿದವು, ಅದರಲ್ಲಿ ಚೌಕಾಸಿ ಇಲ್ಲ. ಬೇಸಿಗೆ ರಜೆಯಲ್ಲಿ ಮೌಲ್ಯಮಾಪನದ ದಿನಗಳನ್ನು ಕಳೆದು ಸುಮಾರು 35 ದಿನ ಉಳಿಯುತ್ತವೆ. ದಿನಕ್ಕೆ 1,000 ಪದ ಬರೆದರೆ 35,000. ಚಳಿಗಾಲದ ಅಧ್ಯಾಯಗಳನ್ನೂ ಸೇರಿಸಿದರೆ 40,000 ದಾಟುತ್ತದೆ, ಈ ಜಾತಿಯ ಕಾದಂಬರಿಗೆ ಅಷ್ಟು ಸಾಕು.

ಇನ್ನು ಕಟ್ಟುವ ಕೆಲಸ. ಇದರಲ್ಲಿ ಮೇಷ್ಟರುಗಳಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಪ್ರಶ್ನೆಪತ್ರಿಕೆ ತೆಗೆಯುವ ಮೊದಲು ನಾವು ನೀಲನಕ್ಷೆ ಮಾಡುತ್ತೇವೆ: ಯಾವ ಪಾಠಕ್ಕೆ ಎಷ್ಟು ಅಂಕ, ಸುಲಭದ್ದು ಎಷ್ಟು, ಕಠಿಣ ಎಷ್ಟು. ಕಾದಂಬರಿಗೂ ಅದೇ ಕೋಷ್ಟಕ ಹಾಕಿ. ಅಡ್ಡಸಾಲಿನಲ್ಲಿ ಅಧ್ಯಾಯಗಳು. ಕಂಬಸಾಲಿನಲ್ಲಿ ನಾಲ್ಕು ತಲೆಬರಹ: ನಿಜವಾದ ಸುಳಿವು, ದಾರಿ ತಪ್ಪಿಸುವ ಸುಳಿವು, ಪತ್ತೆ ಮಾಡುವವರಿಗೆ ಏನು ಗೊತ್ತಾಯಿತು, ಓದುಗರಿಗೆ ಏನು ಗೊತ್ತಾಯಿತು. ಕೊನೆಯ ಎರಡು ಕಂಬಗಳಲ್ಲಿ ಒಂದು ಕಡೆ ಇರುವ ಸಂಗತಿ ಇನ್ನೊಂದು ಕಡೆ ಇಲ್ಲದಿದ್ದರೆ ಅಲ್ಲೇ ನಿಲ್ಲಿ. ಪಠ್ಯದಲ್ಲಿ ಇಲ್ಲದ್ದನ್ನು ಕೇಳಿದರೆ ಮಕ್ಕಳಿಗೆ ಎಷ್ಟು ಅನ್ಯಾಯವೋ, ಪುಟದಲ್ಲಿ ಇಲ್ಲದ ಸುಳಿವಿನಿಂದ ಕಳ್ಳನನ್ನು ಹಿಡಿದರೆ ಓದುಗರಿಗೆ ಅಷ್ಟೇ ಅನ್ಯಾಯ. ಮತ್ತೆ, ಮಾದರಿ ಉತ್ತರ ಮೊದಲು ಬರೆದಿಡಿ: ಯಾರು, ಏಕೆ, ಹೇಗೆ, ಎಲ್ಲಿ ಎಡವಿದರು. ಒಂದು ಪುಟ ಸಾಕು. ಅದಿಲ್ಲದೆ ಮೊದಲ ಅಧ್ಯಾಯಕ್ಕೆ ಕೈ ಹಾಕಬೇಡಿ.

ಪತ್ತೆ ಮಾಡುವವರು ಯಾರಾಗಬೇಕು? ಜನ ತಾವಾಗಿಯೇ ಬಂದು ಮಾತಾಡುವಂಥವರು. ನನ್ನ ಕಥೆಗಳಲ್ಲಿ ಹಳ್ಳಿಯ ಶಾಖಾ ಅಂಚೆ ಕಚೇರಿಯಿಂದ ನಿವೃತ್ತಳಾದ ಒಬ್ಬಾಕೆ, ಊರವರ ಬಾಯಲ್ಲಿ "ಪೋಸ್ಟಮ್ಮ". ಗ್ರಾಮೀಣ ಅಂಚೆಯವರು ದುಡಿಯುವುದು 65ನೇ ವಯಸ್ಸಿನವರೆಗೆ. ಅಷ್ಟರಲ್ಲಿ ಯಾರ ಮನೆಗೆ ಎಲ್ಲಿಂದ ಮನಿಯಾರ್ಡರ್ ಬರುತ್ತಿತ್ತು, ಯಾವತ್ತು ನಿಂತುಹೋಯಿತು, ಯಾರ ರಿಜಿಸ್ಟರ್ ಪತ್ರವನ್ನು ಯಾರು ಬಂದು ಇಸಿದುಕೊಂಡರು ಎಲ್ಲ ತಲೆಯಲ್ಲಿರುತ್ತದೆ. ಬಿಸಿಯೂಟದ ಅಡುಗೆಯವರೂ ಇದಕ್ಕೆ ತುಂಬ ಒಪ್ಪುತ್ತಾರೆ. ಯಾವ ಮಗು ಎರಡು ದಿನದಿಂದ ಊಟ ಬಿಟ್ಟಿದೆ ಎಂದು ಹಾಜರಿ ಪುಸ್ತಕಕ್ಕಿಂತ ಮೊದಲು ಅವರಿಗೆ ಗೊತ್ತು.

ಸುಳಿವುಗಳನ್ನು ನಿಮ್ಮ ಕೆಲಸದಿಂದ, ನಿಮ್ಮ ಸೀಮೆಯಿಂದ ತೆಗೆಯಿರಿ. ಅಗಾಥಾ ಕ್ರಿಸ್ಟಿಗೆ ವಿಷಗಳ ತಿಳಿವಳಿಕೆ ಬಂದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದದ್ದರಿಂದ. ನನಗೆ ವಿಷ ಗೊತ್ತಿಲ್ಲ, ಅರ್ಕಾವತ್ತು ಗೊತ್ತು. ಮೊಬೈಲಿನಲ್ಲಿ ಅರ್ಕಾವತ್ತು ಮೂಡಿಸಲು ಬಾರದವರು ಅಕ್ಷರದ ಪಕ್ಕ ಕನ್ನಡದ ಒಂಬತ್ತನ್ನು ಒತ್ತುತ್ತಾರೆ. "ಕಾರ್ಯಕ್ರಮ" ಅವರ ಕೈಯಲ್ಲಿ "ಕಾಯ೯ಕ್ರಮ" ಆಗುತ್ತದೆ. ನೋಡಲು ಹೆಚ್ಚುಕಡಿಮೆ ಒಂದೇ, ಕಣ್ಣು ಜಾರಿ ಮುಂದೆ ಹೋಗುತ್ತದೆ. ನನ್ನ ಎರಡನೇ ಕಾದಂಬರಿಯಲ್ಲಿ ಒಬ್ಬ ವಿಧವೆಗೆ ಹೆಸರಿಲ್ಲದ ಬೆದರಿಕೆ ಸಂದೇಶ ಬರುತ್ತದೆ: "ಮಯಾ೯ದೆಯಿಂದ ತೋಟ ಬಿಟ್ಟುಕೊಡಿ." ಇದು ಏಳನೇ ಅಧ್ಯಾಯ. ಆದರೆ ಮೂರನೇ ಅಧ್ಯಾಯದಲ್ಲೇ ಸತ್ಯನಾರಾಯಣ ಪೂಜೆಯ ಕರೆಯೋಲೆಯೊಂದು ವಾಟ್ಸಾಪಿನಲ್ಲಿ ಬಂದಿದೆ, ಅದರ ಪೂರ್ತಿ ಒಕ್ಕಣೆ ಪುಟದಲ್ಲಿದೆ, ಅದರ ನಡುವೆ "ಕಾಯ೯ಕ್ರಮ" ಇದೆ. ಓದುಗರು ಆಗ ಯೋಚಿಸುವುದು ಪೂಜೆಗೆ ಯಾರನ್ನು ಕರೆಯಲಿಲ್ಲ ಎಂಬ ಜಗಳವನ್ನು. ನಿಜವಾದ ಸುಳಿವನ್ನು ಹೀಗೆ ಒಂದು ಜಗಳದ ಮಗ್ಗುಲಲ್ಲಿ ಇಡಬೇಕು. ಪ್ಯಾರಾದ ಕೊನೆಯಲ್ಲಿ ಇಟ್ಟರೆ ಕಣ್ಣಿಗೆ ಹೊಡೆಯುತ್ತದೆ, ನಡುವೆ ಇಟ್ಟರೆ ಮರೆಯಾಗುತ್ತದೆ. ಅಚ್ಚಿಗೆ ಹೋಗುವಾಗ ಕರಡು ತಿದ್ದುವವರಿಗೆ ಚೀಟಿ ಬರೆದು ಕೊಡುವುದನ್ನು ಮಾತ್ರ ಮರೆಯಬೇಡಿ. ಅವರು ಒಳ್ಳೆಯ ಮನಸ್ಸಿನಿಂದ ಆ ತಪ್ಪನ್ನು ತಿದ್ದಿಬಿಟ್ಟರೆ ಕಥೆಯೇ ಹೋಯಿತು.

ಈ ತಪ್ಪನ್ನು ಎಷ್ಟೋ ಜನ ಮಾಡುತ್ತಾರೆ, ಹಾಗಾಗಿ ಅದೊಂದೇ ಸಾಕ್ಷಿಯಾಗದು. ಇನ್ನೊಂದು ಬೇಕು. ನಾನು ಅಡಿಕೆಯನ್ನು ಹಿಡಿದೆ. ಹಣ್ಣಡಿಕೆ ಬಿಸಿಲಲ್ಲಿ ಒಣಗಿ ಚಾಲಿಯಾಗಲು ಸುಮಾರು 40ರಿಂದ 45 ದಿನ ಬೇಕು. ಸಂಕ್ರಾಂತಿ ಕಳೆದು ಕೊಯ್ದ ತೋಟದ ಚಾಲಿಯನ್ನು ಹದಿನೈದು ದಿನದಲ್ಲೇ ಮಾರಿದೆ ಎನ್ನುವ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ, ಅವನ ಮೂಟೆಯಲ್ಲಿರುವುದು ಬೇರೆ ಯಾರದೋ ಮಾಲು. ಮಲೆನಾಡಿನ ಓದುಗರಿಗೆ ಇದು ಹೊಳೆಯಬಹುದು, ಬಯಲುಸೀಮೆಯವರಿಗೆ ಹೊಳೆಯದು. ಅವರಿಗೆ ಅನ್ಯಾಯವಾಗಬಾರದೆಂದು ಎರಡನೇ ಅಧ್ಯಾಯದಲ್ಲಿ ಪೋಸ್ಟಮ್ಮ ಮೊಮ್ಮಗಳಿಗೆ ಅಂಗಳದಲ್ಲಿ ಅಡಿಕೆ ಹರಗುತ್ತ ಒಣಗುವ ಲೆಕ್ಕ ಹೇಳಿಕೊಡುತ್ತಾಳೆ.

ಈ ಎಚ್ಚರ ಬಂದದ್ದು ಪೆಟ್ಟು ತಿಂದ ಮೇಲೆ. ಮೊದಲ ಕಾದಂಬರಿಯ ಕರಡಿನಲ್ಲಿ ಆಷಾಢದ ರಾತ್ರಿ ಅಂಗಳದಿಂದ ಅಡಿಕೆ ಕಳವಾಗುತ್ತದೆ ಎಂದು ಬರೆದಿದ್ದೆ. ಪಕ್ಕದ ಮನೆಯ ಹಿರಿಯರು ಓದಿ, "ತಂಗೀ, ಆಷಾಢ್ದಲ್ಲಿ ಅಂಗಳದಲ್ಲಿ ಅಡಿಕೆ ಹರಗೋರು ಯಾರು?" ಎಂದು ಮೆಲ್ಲಗೆ ಕೇಳಿದರು. ನಾಲ್ಕು ಅಧ್ಯಾಯ ಹೊಸದಾಗಿ ಬರೆದೆ. ಅಂದಿನಿಂದ ಪಂಚಾಂಗದ ಕ್ಯಾಲೆಂಡರ್ ಮುಂದಿಟ್ಟುಕೊಂಡೇ ಕಥೆ ಹೆಣೆಯುವುದು: ತಿಥಿ, ಅಮಾವಾಸ್ಯೆ, ವಾರದ ಸಂತೆ, ಮಳೆ ನಕ್ಷತ್ರ.

ಕೊಲೆ ಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಕಿಲ್ಲ. ತಿದ್ದಿದ ಪಾಲುಪತ್ರ, ದೇವಸ್ಥಾನದಿಂದ ಕಾಣೆಯಾದ ಕಿರೀಟ, ಸ್ವಸಹಾಯ ಸಂಘದ ಲೆಕ್ಕ, ಇವುಗಳಿಗಾಗಿ ನಮ್ಮ ಊರುಗಳಲ್ಲಿ ಮೂರು ತಲೆಮಾರು ಮಾತು ಬಿಟ್ಟವರಿದ್ದಾರೆ. ಹೆಣ ಬಿದ್ದರೆ ಪೊಲೀಸರು ಬರಲೇಬೇಕು, ಮಹಜರು, ಮರಣೋತ್ತರ ಪರೀಕ್ಷೆ ನಡೆಯಲೇಬೇಕು, ಪೋಸ್ಟಮ್ಮ ಬದಿಗೆ ಸರಿಯುತ್ತಾಳೆ. ಆದರೂ ಕೊಲೆ ಇಡುವುದಾದರೆ ಕಾನೂನು ಸರಿಯಾಗಿರಲಿ. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಜಾರಿಯಲ್ಲಿವೆ. ಕೊಲೆಗೆ ಶಿಕ್ಷೆ ಹೇಳುವುದು ಈಗ ಹಳೆಯ ದಂಡ ಸಂಹಿತೆಯ (ಐಪಿಸಿ) 302ನೇ ಕಲಂ ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ಅಸಹಜ ಸಾವಿನ ವಿಚಾರಣೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ರ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ರಡಿ. ಕಥೆ 2010ರದ್ದಾದರೆ ಹಳೆಯ ಸಂಖ್ಯೆಗಳೇ ಇರಬೇಕು.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಶಾಲೆಯ ಮಕ್ಕಳು, ಅವರ ಮನೆಯ ಸಂಗತಿಗಳು ಕಥೆಗೆ ಬರಕೂಡದು, ಹೆಸರು ಬದಲಿಸಿದರೂ ಬರಕೂಡದು. ಒಂದು ಹುಡುಗಿ ಪ್ರಬಂಧದಲ್ಲಿ ಅಪ್ಪನ ಕುಡಿತದ ಬಗ್ಗೆ ಬರೆದರೆ ಅದು ನನ್ನನ್ನು ನಂಬಿ ಬರೆದದ್ದು. ನಾನು ಆ ಪುಟದಿಂದ ಏನನ್ನೂ ಎತ್ತುವುದಿಲ್ಲ. ಸ್ಟಾಫ್ ರೂಮಿನ ಮಾತಿಗೂ ಇದೇ ನಿಯಮ. ಟಿಪ್ಪಣಿ ಪುಸ್ತಕದಲ್ಲಿ ವ್ಯಕ್ತಿಗಳನ್ನು ಬರೆದುಕೊಳ್ಳದೆ ವಸ್ತುಗಳನ್ನು ಬರೆದುಕೊಳ್ಳುತ್ತೇನೆ: ಒಂದೇ ಕಡೆ ಸವೆದ ಚಪ್ಪಲಿ, ಬಸ್ಸಿನ ಟಿಕೆಟ್ಟಿನ ಹಿಂದೆ ಬರೆದ ಫೋನ್ ನಂಬರು, ಎರಡು ಬಣ್ಣದ ಶಾಯಿಯಲ್ಲಿ ಹಾಕಿದ ಒಂದೇ ಸಹಿ. ಸರ್ಕಾರಿ ನೌಕರರಾದರೆ ನಡತೆ ನಿಯಮಗಳನ್ನು ಓದಿ, ಪ್ರಕಟಣೆಗೆ ಮೊದಲು ಮುಖ್ಯ ಶಿಕ್ಷಕರ ಮೂಲಕ ಬರಹದಲ್ಲಿ ತಿಳಿಸಿ, ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ.

ಬರೆದು ಮುಗಿದ ಮೇಲೆ ತಕ್ಷಣ ಪ್ರಕಾಶಕರಿಗೋ ವಾರಪತ್ರಿಕೆಗೋ ಕಳಿಸಬೇಡಿ. ಐದು ಪ್ರತಿ ಜೆರಾಕ್ಸ್ ಮಾಡಿಸಿ, ಕೊನೆಯ ಮೂರು ಅಧ್ಯಾಯ ತೆಗೆದಿಟ್ಟು ಐವರಿಗೆ ಕೊಡಿ, ಜೊತೆಗೊಂದು ಲಕೋಟೆ. ಯಾರು ಮಾಡಿದ್ದು, ಯಾವ ಪುಟದಲ್ಲಿ ಅನುಮಾನ ಬಂತು ಎಂದು ಬರೆದು ಅಂಟಿಸಿ ಕೊಡಲಿ. ನಾಲ್ಕೈದು ಜನ ಸರಿ ಹೇಳಿದರೆ ಸುಳಿವು ತೀರಾ ಬಯಲಾಗಿದೆ. ಯಾರೂ ಹೇಳದಿದ್ದರೆ ಎಲ್ಲೋ ಮುಚ್ಚಿಟ್ಟಿದ್ದೀರಿ. ಒಂದೋ ಎರಡೋ ಸರಿಯಿದ್ದರೆ ಹದ.

ಮೂರನೆಯದರ ಲಕೋಟೆಗಳನ್ನು ಹೋದ ಜೂನ್‌ನಲ್ಲಿ ಶಾಲೆ ಶುರುವಾಗುವ ಹಿಂದಿನ ರಾತ್ರಿ ಒಡೆದೆ. ಇಬ್ಬರದು ಸರಿ. ಮೂರನೆಯವರು, ಆ ಪಕ್ಕದ ಮನೆಯ ಹಿರಿಯರು, ತಪ್ಪು ಹೆಸರು ಬರೆದಿದ್ದರು. ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು: "ಈ ಸಲ ಅಡಿಕೆ ಸರಿಯಾಗಿ ಒಣಗಿದೆ."