ಹಂಚು ಇದ್ದರೆ ತಾನೇ ಅಳ್ಳು ಸಿಡಿಯೋದು

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಎರಡು ಎಕ್ಸ್-ರೇ ಜೋಡಿತಾರೆಗಳನ್ನು ಆರಿಸಿಕೊಂಡಿದ್ದೆ: ಸಿಗ್ನಸ್ ಎಕ್ಸ್-1 ಮತ್ತು 4ಯು 1636-536. ಎರಡರಲ್ಲೂ ಪಕ್ಕದ ನಕ್ಷತ್ರದ ಅನಿಲವನ್ನು ಎಳೆದುಕೊಳ್ಳುವ ಒಂದು ಪುಟ್ಟ, ಭಾರೀ ಕಾಯ ಇದೆ. ಮೊದಲನೆಯದು ಕಪ್ಪುಕುಳಿ, ಎರಡನೆಯದು ನ್ಯೂಟ್ರಾನ್ ತಾರೆ. ಇದು ಪುಸ್ತಕದಲ್ಲೇ ಇದೆ. ಆದರೆ ಡೇಟಾ ನೋಡಿ ನಾನೇ ಹೇಳಬೇಕು ಅನ್ನೋದು ನನ್ನ ಆಸೆ.

ಕಲಬುರಗಿಯ ಏಪ್ರಿಲ್ ಬಿಸಿಲು. ಬಾಡಿಗೆ ಕೋಣೆಯಲ್ಲಿ ರಾತ್ರಿ ಹತ್ತರ ಮೇಲೇ ಕೆಲಸ ಶುರು. ಇಸ್ರೋ 2015ರಲ್ಲಿ ಹಾರಿಸಿದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಎಕ್ಸ್-ರೇ ಎಣಿಸುವ ಉಪಕರಣ ಲ್ಯಾಕ್ಸ್‌ಪಿಸಿಯ ಡೇಟಾ ಇಳಿಸಿಕೊಂಡು, 500 ಸೆಕೆಂಡಿನ ಸರಾಸರಿ ಹೊಳಪಿಗೆ ಒಂದು ಬಿಂದು ಇಟ್ಟು ಗೆರೆ ಎಳೆದೆ. ಎರಡೂ ಸುಮ್ನೆ ಏರಿಳಿಯುವ ಗೆರೆಗಳು. ಒಂದು ವಾರ ಹೀಗೇ ಹೋಯಿತು.

"ಬಿನ್ ಸಣ್ಣ ಮಾಡಿ ನೋಡವ್ವಾ" ಅಂದರು ಗೈಡ್. ಬಿನ್ ಅಂದರೆ ಒಂದೊಂದು ಬಿಂದುವಿಗೆ ಸೇರಿಸುವ ಹೊತ್ತು.

ಒಂದು ಸೆಕೆಂಡಿಗೆ ಇಳಿಸಿದೆ. 4ಯು ಗೆರೆಯಲ್ಲಿ ಒಂದು ಕಡೆ ಮುಳ್ಳಿನಂತೆ ಎದ್ದು ನಿಂತಿತ್ತು. ಒಂದೆರಡು ಸೆಕೆಂಡಿನಲ್ಲಿ ಮೇಲೇರಿ, ನಿಧಾನಕ್ಕೆ ಇಳಿದಿತ್ತು. 500 ಸೆಕೆಂಡಿನ ಸರಾಸರಿಯಲ್ಲಿ ಅದು ಕರಗಿಹೋಗಿತ್ತು, ಅಷ್ಟೆ.

ಪಂಚಮಿಗೆ ಅವ್ವ ಜೋಳದ ಅಳ್ಳು ಹುರಿಯೋದು ನೆನಪಾಯಿತು. ಕಾಳು ಸಿಡಿಯಲು ಕಾದ ಹಂಚು ಬೇಕು, ಅಲ್ವಾ? ನ್ಯೂಟ್ರಾನ್ ತಾರೆಗೆ ಗಟ್ಟಿ ಮೈ ಇದೆ. ಬಿದ್ದ ಹೈಡ್ರೋಜನ್, ಹೀಲಿಯಂ ಅದರ ಮೇಲೆ ಪದರಾಗಿ ಕೂತು, ಒತ್ತಡ ಮತ್ತು ಬಿಸಿ ಏರಿ, ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಆ ಸ್ಫೋಟವೇ ಗೆರೆಯಲ್ಲಿ ಮುಳ್ಳಾಗಿ ಕಾಣೋದು. ಕಪ್ಪುಕುಳಿಗೆ ಮೈಯೇ ಇಲ್ಲ. ಬಿದ್ದದ್ದು ಒಳಗೇ ಹೋಯಿತು.

ಆದರೆ ಸಿಗ್ನಸ್ ಎಕ್ಸ್-1 ಕೂಡ ಸೆಕೆಂಡಿನೊಳಗೆ ಮಿನುಗುತ್ತದೆ. ಹಾಗಾಗಿ ಮುಳ್ಳು ಕಂಡರೆ ಸಾಲದು. ಕಡಿಮೆ ಶಕ್ತಿಯ ಮತ್ತು ಹೆಚ್ಚು ಶಕ್ತಿಯ ಎಕ್ಸ್-ರೇಗಳನ್ನು ಬೇರೆ ಮಾಡಿ ನೋಡಿದೆ. ಹೆಚ್ಚು ಶಕ್ತಿಯದು ಬೇಗ ಇಳಿದಿತ್ತು, ಕಡಿಮೆಯದು ಜಾಸ್ತಿ ಹೊತ್ತು ಉಳಿದಿತ್ತು. ಕಾದ ಮೈ ಆರುವುದು ಹಾಗೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಿಗ್ನಸ್‌ನಲ್ಲಿ ಇಂಥದ್ದು ಸಿಗಲಿಲ್ಲ. ಸಿಗದ್ದಕ್ಕೇ ಕಪ್ಪುಕುಳಿ ಅನ್ನೋದು ತಪ್ಪು. ಸರ್ಸಿನಸ್ ಎಕ್ಸ್-1 ಅನ್ನೋ ಇನ್ನೊಂದು ಎಕ್ಸ್-ರೇ ಜೋಡಿತಾರೆಯಲ್ಲಿ ಕಪ್ಪುಕುಳಿ ಇರಬಹುದು ಅಂದುಕೊಂಡಿದ್ದರು. 1980ರ ದಶಕದಲ್ಲಿ ಅದರಲ್ಲೂ ಇಂಥ ಸ್ಫೋಟ ಕಂಡಿತು. ಅದು ನ್ಯೂಟ್ರಾನ್ ತಾರೆ! ಸ್ಫೋಟ ಕಾಣದಿದ್ದಾಗ ತೂಕವೇ ಗಟ್ಟಿ ಆಧಾರ. ಸಿಗ್ನಸ್‌ನ ಜೊತೆಗಾರ ನಕ್ಷತ್ರ 5.6 ದಿನಕ್ಕೊಂದು ಸುತ್ತು ಹಾಕುತ್ತದೆ. ಆ ಓಟದಿಂದ ಕಟ್ಟಿದ ಲೆಕ್ಕದಲ್ಲಿ, 2021ರ ಅಳತೆಯಂತೆ, ಒಳಗಿನ ಕಾಯ ಸುಮಾರು 21 ಸೂರ್ಯರಷ್ಟು ಭಾರ. ನ್ಯೂಟ್ರಾನ್ ತಾರೆ ಮೂರು ಸೂರ್ಯರ ಭಾರವನ್ನೂ ದಾಟಲಾರದು.

ವರದಿಯಲ್ಲಿ ಸಿಗ್ನಸ್ ಎದುರು "ಸ್ಫೋಟ ಕಾಣಲಿಲ್ಲ" ಅಂತಷ್ಟೇ ಬರೆದೆ. ಕಪ್ಪುಕುಳಿ ಅನ್ನೋ ಪದವನ್ನು ತೂಕದ ಲೆಕ್ಕ ಕೊಟ್ಟ ಮೇಲೇ ಬಳಸಿದೆ.