ಬಸುರಿ, ಬಿ.ಎಡ್, ಬಾಡಿಗೆ ಮನೆ: ಹಾಸನದಲ್ಲಿ ನಾವಿಬ್ಬರೂ ನಿಭಾಯಿಸಿದ್ದು ಹೀಗೆ

ಗೋಡೆಗೆ ನೇತುಹಾಕಿರುವ ದೊಡ್ಡ ಕ್ಯಾಲೆಂಡರನ್ನು ಕೆಳಗಿಳಿಸಿ. ಪೆನ್ನು ಹಿಡಿದು ಗಂಡ ಹೆಂಡತಿ ಇಬ್ಬರೂ ನೆಲದ ಮೇಲೆ ಕೂತ್ಕೊಳ್ಳಿ. ನನ್ನನ್ನು ಕೇಳಿದರೆ ಎಲ್ಲಾ ಶುರುವಾಗಬೇಕಾದ್ದು ಇಲ್ಲಿಂದ. ಯಾಕೆಂದರೆ ಓದುತ್ತಿರುವ ಬಸುರಿ ಇರುವ ಮನೆಯಲ್ಲಿ ಮೂರು ಲೆಕ್ಕ ಒಟ್ಟಿಗೆ ಓಡುತ್ತಿರುತ್ತವೆ. ಅಮ್ಮ, ಅತ್ತೆ ತಿಂಗಳು ಎಣಿಸುತ್ತಾರೆ. ಡಾಕ್ಟರು ವಾರ ಎಣಿಸುತ್ತಾರೆ. ಕಾಲೇಜಿನವರು ಸೆಮಿಸ್ಟರ್ ಎಣಿಸುತ್ತಾರೆ. ಮೂರೂ ಒಂದೇ ಹಾಳೆಗೆ ಬರದಿದ್ದರೆ ಸೀಮಂತದ ದಿನವೇ ಅಸೈನ್‌ಮೆಂಟ್ ಕೊಡುವ ಕೊನೇ ದಿನ ಬಂದು ನಿಂತಿರುತ್ತೆ.

ಡಾಕ್ಟರ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರು. ಅಲ್ಲಿಂದ 40 ವಾರ, ಅಂದರೆ 280 ದಿನ. ಟೆಸ್ಟ್ ಮಾಡಿ ಎರಡು ಗೆರೆ ನೋಡುವ ಹೊತ್ತಿಗೇ ನಾಲ್ಕೈದು ವಾರ ಕಳೆದಿರುತ್ತೆ. ಇದು ಗೊತ್ತಾದಾಗ ನಮ್ಮನೆಯವರು ಬೆರಳು ಮಡಚಿ ಮಡಚಿ ಎಣಿಸಿ, ‘ಹಾಗಾದ್ರೆ ಮೊದಲ ಎರಡು ವಾರ ನೀನು ಬಸುರಿಯೇ ಆಗಿರಲಿಲ್ವಲ್ಲ’ ಅಂದರು. ಹೌದು, ಆದರೂ ಲೆಕ್ಕ ಹಾಗೇ. ಕ್ಯಾಲೆಂಡರಿನ ಪ್ರತಿ ಸೋಮವಾರದ ಮನೆಯಲ್ಲಿ ವಾರದ ಸಂಖ್ಯೆ ಬರೆಯಿರಿ. ಆಮೇಲೆ ಕಾಲೇಜಿನ ದಿನಗಳನ್ನು ಇನ್ನೊಂದು ಬಣ್ಣದಲ್ಲಿ ಬರೆಯಿರಿ. ಹಬ್ಬ, ಸೀಮಂತ, ತವರಿಗೆ ಹೋಗುವುದು ಮೂರನೇ ಬಣ್ಣ.

ನಮ್ಮ ಹಾಳೆ ಹೀಗಿತ್ತು. ಜೂನ್‌ನಲ್ಲಿ ಕೊನೆಯ ಮುಟ್ಟು, ಮಾರ್ಚ್ ಮಧ್ಯಕ್ಕೆ ಹೆರಿಗೆ. ಬಿ.ಎಡ್ ಮೂರನೇ ಸೆಮಿಸ್ಟರಿನಲ್ಲಿ ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್ 16 ವಾರ. ಅದು ಶುರುವಾಗುವಾಗ ನನಗೆ 20ನೇ ವಾರ, ಮುಗಿಯುವಾಗ 36. ಹಾಳೆ ನೋಡಿ ಅವತ್ತು ಅತ್ತುಬಿಟ್ಟೆ. ಆದರೆ ಅವತ್ತೇ ಗೊತ್ತಾಗಿದ್ದರಿಂದ ಬಚಾವಾದೆ. ರೆಕಾರ್ಡ್ ಬರೆಯುವುದು, ಚಾರ್ಟ್ ಮಾಡುವುದು, ಪಾಠ ಯೋಜನೆ ಬರೆಯುವುದು, ಇಂಥ ಬೆನ್ನು ನೋಯುವ ಕೆಲಸವನ್ನೆಲ್ಲ 14ರಿಂದ 20ನೇ ವಾರದೊಳಗೆ ಎಷ್ಟಾಗುತ್ತೋ ಅಷ್ಟು ಮುಗಿಸಿಕೊಂಡೆ. ವಾಂತಿ ನಿಂತು, ಹೊಟ್ಟೆ ಇನ್ನೂ ಭಾರವಾಗದ ಕಾಲ ಅದು. ಎಲ್ಲರಿಗೂ ಹಾಗೇ ಇರಲ್ಲ, ಆದರೆ ಬಹಳ ಜನಕ್ಕೆ ಅದೇ ಒಳ್ಳೆ ಕಾಲ. ಅದನ್ನು ನಿದ್ದೆ ಮಾಡಿ, ಮದುವೆ ಮನೆ ಸುತ್ತಿ ಕಳೆಯಬೇಡಿ.

ಹಾಸನದವರಿಗೆ ಅಂತಲೇ ಒಂದು ಮಾತು. ಮಗುವಿನ ಅಂಗಾಂಗ ನೋಡುವ ದೊಡ್ಡ ಸ್ಕ್ಯಾನು ಸಾಮಾನ್ಯವಾಗಿ 18ರಿಂದ 20ನೇ ವಾರದ ಸುಮಾರಿಗೆ ಮಾಡಿಸುತ್ತಾರೆ. ನನ್ನದು ಸರಿಯಾಗಿ ದೀಪಾವಳಿ ಹೊತ್ತಿಗೆ, ಅಂದರೆ ಹಾಸನಾಂಬೆ ಬಾಗಿಲು ತೆರೆಯುವ ದಿನಗಳಿಗೆ ಬೀಳುತ್ತಿತ್ತು. ವರ್ಷಕ್ಕೊಂದೇ ಸಲ ತೆರೆಯುವ ಗುಡಿ, ಊರಿಗೆ ಊರೇ ತುಂಬಿ ಬಸ್ಸು, ಆಟೋ ಯಾವುದರಲ್ಲೂ ಕಾಲಿಡಲು ಜಾಗ ಇರಲ್ಲ. ಹಾಗಾಗಿ ಒಂದು ವಾರ ಮುಂಚಿನ ದಿನ ಕೇಳಿ ತಗೊಂಡೆವು. ದರ್ಶನದ ಕ್ಯೂನಲ್ಲಿ ನಿಲ್ಲೋದು ಆ ವರ್ಷ ಬೇಡ, ತಾಯಿ ಏನೂ ಅಂದ್ಕೊಳ್ಳಲ್ಲ. ಅಂದ ಹಾಗೆ ಸ್ಕ್ಯಾನ್ ರೂಮಿನಲ್ಲಿ ಗಂಡೋ ಹೆಣ್ಣೋ ಅಂತ ಕೇಳಲು ಹೋಗಬೇಡಿ. 1994ರ ಕಾನೂನಿನ ಪ್ರಕಾರ ಅದನ್ನು ಹೇಳೋದೂ ತಪ್ಪು, ಕೇಳೋದೂ ತಪ್ಪು.

ಕಾಲೇಜಿಗೆ ಯಾವಾಗ ಹೇಳಬೇಕು?

ಬೇಗ ಹೇಳಿ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅಂತ ನಮ್ಮ ಕಡೆ ಹಿರಿಯರು ಹೇಳ್ತಾರೆ, ನೆಂಟರ ವಿಷಯದಲ್ಲಿ ನಾನೂ ಹಾಗೇ ಮಾಡಿದೆ. ಆದರೆ ಪಾಠ ಮಾಡುವ ಮೇಡಂ ಒಬ್ಬರಿಗಾದರೂ ಗೊತ್ತಿರಲಿ. ಬಿ.ಎಡ್‌ನಲ್ಲಿ ತರಗತಿಗೆ 80 ಪರ್ಸೆಂಟ್, ಇಂಟರ್ನ್‌ಶಿಪ್ಪಿಗೆ 90 ಪರ್ಸೆಂಟ್ ಹಾಜರಿ ಬೇಕು. ಇದು ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎನ್‌ಸಿಟಿಇಯ ನಿಯಮ, ಕಾಲೇಜಿನವರ ಮನಸ್ಸಿನ ಮಾತಲ್ಲ. ಅಂದರೆ 16 ವಾರದಲ್ಲಿ ರಜೆ ಹಾಕಲು ಸಿಗುವುದು ಹೆಚ್ಚೆಂದರೆ ಎಂಟೊಂಬತ್ತು ದಿನ. ಆಸ್ಪತ್ರೆ ದಿನಗಳನ್ನು ಅದರೊಳಗೇ ಹೊಂದಿಸಬೇಕು. ಸುಮ್ನೆ ತಲೆನೋವು ಅಂತ ಒಂದು ದಿನ ಬಿಟ್ಟರೂ ಕೊನೆಯಲ್ಲಿ ಅದೇ ದಿನ ಬೇಕಾಗಿ ಬರುತ್ತೆ.

ನಾನು ಹೋಗಿ ಹೇಳಿದಾಗ ಆಫೀಸಿನಲ್ಲಿ ಒಬ್ಬರು, ‘ಓದೋ ಟೈಮಲ್ಲಿ ಇದೆಲ್ಲ ಬೇಕಿತ್ತಾ’ ಅಂದರು. ಮನೆಗೆ ಬರುವವರೆಗೂ ಆ ಮಾತು ಕಿವಿಯಲ್ಲೇ ಇತ್ತು. ಆಮೇಲೆ ಗೊತ್ತಾಯಿತು, 2021ರ ಡಿಸೆಂಬರ್‌ನಲ್ಲೇ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಎಲ್ಲಾ ವಿಶ್ವವಿದ್ಯಾಲಯಗಳಿಗೂ ಪತ್ರ ಬರೆದು, ಡಿಗ್ರಿ ಮತ್ತು ಪಿಜಿ ಓದುವ ಹೆಣ್ಣುಮಕ್ಕಳಿಗೆ ಹೆರಿಗೆ ರಜೆ, ಹಾಜರಿಯಲ್ಲಿ ರಿಯಾಯಿತಿ, ಪರೀಕ್ಷೆ ಅರ್ಜಿಯ ದಿನಾಂಕದಲ್ಲಿ ವಿನಾಯಿತಿ ಇವುಗಳಿಗೆ ನಿಯಮ ಮಾಡಿಕೊಳ್ಳಿ ಅಂದಿತ್ತು. ಪಿಎಚ್‌ಡಿ ಮಾಡುವವರಿಗಂತೂ 240 ದಿನದವರೆಗೆ ರಜೆ ಇದೆ. ಹಾಗಾಗಿ ಬಾಯಿಮಾತಲ್ಲಿ ಕೇಳಬೇಡಿ. ಒಂದು ಹಾಳೆಯಲ್ಲಿ ಬರೆದು, ತಾಯಿ ಕಾರ್ಡಿನ (ಬಸುರಿಯ ತಪಾಸಣೆ ವಿವರ ಬರೆಯುವ ಸರ್ಕಾರಿ ಕಾರ್ಡು) ಜೆರಾಕ್ಸ್ ಹಚ್ಚಿ, ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ. ಅದೇ ಅರ್ಜಿಯಲ್ಲಿ ಮನೆಗೆ ಹತ್ತಿರದ ಶಾಲೆ ಕೊಡಿ ಅಂತಲೂ ಕೇಳಿ. ನನಗೆ ಸಿಕ್ಕಿದ್ದು ಆರು ಕಿಲೋಮೀಟರ್ ದೂರದ ಸರ್ಕಾರಿ ಶಾಲೆ. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಹಿಂದಿನ ಸೀಟಿಗೆ ಮಾತ್ರ ಹೋಗಬೇಡಿ, ಹಂಪ್ ಬಂದಾಗೆಲ್ಲ ಜೀವ ಬಾಯಿಗೆ ಬರುತ್ತೆ. ಮುಂದೆ ಕೂತವರನ್ನು ‘ಅಕ್ಕ, ಸ್ವಲ್ಪ ಸೀಟು ಕೊಡ್ತೀರಾ, ಬಸುರಿ’ ಅಂತ ನೇರವಾಗಿ ಕೇಳಿ. ಇಲ್ಲ ಅಂದವರನ್ನು ನಾನು ನೋಡಿಲ್ಲ.

ಶಾಲೆಯಲ್ಲಿ ಎತ್ತರದ ಸ್ಟೂಲು ಒಂದಿದ್ದರೆ ಕೇಳಿ ಇಟ್ಟುಕೊಳ್ಳಿ. 40 ನಿಮಿಷ ನಿಂತೇ ಪಾಠ ಮಾಡಿದರೆ ಸಂಜೆಗೆ ಕಾಲು ಊದಿರುತ್ತೆ. ಸೀರೆ ಕಡ್ಡಾಯ ಇದ್ದರೆ ಲಂಗದ ಲಾಡಿ ಹೊಟ್ಟೆಯ ಕೆಳಗೆ ಬರುವ ಹಾಗೆ ಕಟ್ಟಿ, ಬಿಗಿ ಬೇಡ. ಇನ್ನೊಂದು ಸಣ್ಣ ವಿಷಯ, ಆದರೆ ಯಾರೂ ಹೇಳಲ್ಲ. ಸೀಮಂತದಲ್ಲಿ ಎರಡೂ ಕೈಗೆ ಡಜನ್‌ಗಟ್ಟಲೆ ಹಸಿರು ಬಳೆ ತೊಡಿಸುತ್ತಾರೆ. ಬಲಗೈಗೆ ಕಡಿಮೆ ಹಾಕಿ ಅಂತ ಬಳೆಗಾರರಿಗೆ ಹೇಳಿ. ನಾನು ಹೇಳಲಿಲ್ಲ. ಬೋರ್ಡ್ ಮೇಲೆ ಬರೆಯಲು ಕೈ ಎತ್ತಿದರೆ ಸಾಕು, ಗಲಗಲ ಸದ್ದಿಗೆ ಏಳನೇ ಕ್ಲಾಸಿನ ಮಕ್ಕಳೆಲ್ಲ ನಗೋರು.

ಮನೆ

ನಮ್ಮದು ಸಾಲಗಾಮೆ ರಸ್ತೆ ಕಡೆ ಒಂದು ರೂಮು, ಹಾಲ್, ಅಡಿಗೆಮನೆ. ಮನೆ ಚಿಕ್ಕದಿದ್ದರೆ ಒಳ್ಳೆಯದೇ, ಗುಡಿಸುವುದು ಕಡಿಮೆ. ಮಂಚವನ್ನು ಕಿಟಕಿ ಹತ್ತಿರ ಎಳೆದು, ಪಕ್ಕದಲ್ಲೇ ಓದುವ ಟೇಬಲ್ಲು ಹಾಕಿದೆವು. ಓದಿ ಸಾಕಾದರೆ ಎದ್ದು ನಾಲ್ಕು ಹೆಜ್ಜೆ ಹಾಕುವ ಅಗತ್ಯವೂ ಇಲ್ಲ, ಹಾಗೇ ಪಕ್ಕಕ್ಕೆ ಒರಗಿದರಾಯಿತು. ಹಳೆ ಸೀರೆಗಳನ್ನು ಸುತ್ತಿ ಉದ್ದ ದಿಂಬು ಮಾಡಿಕೊಂಡೆ. ಏಳನೇ ತಿಂಗಳಾದ ಮೇಲೆ ಮಗ್ಗುಲಾಗಿ, ಅದರಲ್ಲೂ ಎಡಮಗ್ಗುಲಾಗಿ ಮಲಗೋದು ಒಳ್ಳೆಯದು. ಆಗ ಮೊಣಕಾಲುಗಳ ನಡುವೆ ಆ ದಿಂಬು ಇದ್ದರೆ ಸೊಂಟಕ್ಕೆ ಎಷ್ಟು ಸುಖ ಅಂದ್ರೆ, ನಮ್ಮನೆಯವರೂ ಒಂದು ಮಾಡಿಕೊಡು ಅಂದರು.

ಜುಲೈ, ಆಗಸ್ಟ್ ಮಳೆಯಲ್ಲಿ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ. ಆಗಲೇ ನನಗೆ ವಾಂತಿ ಜೋರಿತ್ತು. ಒಗ್ಗರಣೆ ವಾಸನೆ, ಕಾಫಿ ವಾಸನೆ, ಸೋಪಿನ ವಾಸನೆ ಯಾವುದೂ ಆಗುತ್ತಿರಲಿಲ್ಲ. ಇಲ್ಲಿ ಗಂಡಂದಿರು ಸ್ವಲ್ಪ ಕಿವಿಗೊಡಬೇಕು. ‘ಏನಾದ್ರೂ ಸಹಾಯ ಬೇಕಾದ್ರೆ ಹೇಳು’ ಅನ್ನೋದು ಸಹಾಯ ಅಲ್ಲ. ಏನು ಬೇಕು ಅಂತ ಯೋಚಿಸಿ ಹೇಳುವ ಕೆಲಸವೂ ಹೆಂಡತಿಗೇ ಬಿತ್ತಲ್ಲ! ಕೆಲಸವನ್ನೇ ಪೂರ್ತಿ ವಹಿಸಿಕೊಳ್ಳಿ. ನಮ್ಮಲ್ಲಿ ರಾತ್ರಿ ಅಡಿಗೆ, ಪಾತ್ರೆ, ಕಟ್ಟಿನಕೆರೆ ಮಾರ್ಕೆಟ್ಟಿನಿಂದ ಸೊಪ್ಪು ತರಕಾರಿ, ಆಸ್ಪತ್ರೆ ಫೈಲು ಇಷ್ಟೂ ಅವರದು. ಸೊಪ್ಪು ಮುಗಿದಿದೆ ಅಂತ ನಾನು ಹೇಳುವ ಹಾಗಿಲ್ಲ, ಅವರೇ ನೋಡಬೇಕು. ಮೊದಲ ತಿಂಗಳು ದಿನಾ ಚಿತ್ರಾನ್ನ ಆಯಿತು, ಪರವಾಗಿಲ್ಲ. ನವೆಂಬರ್ ಹೊತ್ತಿಗೆ ಹುರುಳಿ ಬಸ್ಸಾರು ಅವರದೇ ನನ್ನದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಅತ್ತೆಗೆ ಮಾತ್ರ ಇದನ್ನು ಬಹಳ ದಿನ ಹೇಳಿರಲಿಲ್ಲ.

ವಾಂತಿ ಕಾಲದಲ್ಲಿ ಬಿಸಿ ಊಟಕ್ಕಿಂತ ಆರಿದ ಊಟ ಮೇಲು, ವಾಸನೆ ಕಡಿಮೆ. ಏಳುವ ಮೊದಲೇ ಮಂಚದ ಮೇಲೆ ಎರಡು ರಸ್ಕ್ ತಿಂದು, ಹತ್ತು ನಿಮಿಷ ಬಿಟ್ಟು ಏಳಿ. ಏನೂ ನಿಲ್ಲದೆ, ನೀರೂ ವಾಂತಿಯಾಗಿ, ಉಚ್ಚೆ ಕಡಿಮೆಯಾದರೆ ಮಾತ್ರ ಮನೆಮದ್ದು ಮಾಡುತ್ತಾ ಕೂರಬೇಡಿ, ಡ್ರಿಪ್ ಬೇಕಾಗುತ್ತೆ.

ಇನ್ನು ಕಾಫಿ. ಕಾಫಿ ಸೀಮೆಯಲ್ಲಿ ಕೂತು ಬಿಡಿ ಅಂದರೆ ಯಾರು ಕೇಳ್ತಾರೆ. ದಿನಕ್ಕೆ ಕೆಫೀನ್ 200 ಮಿಲಿಗ್ರಾಂ ದಾಟಬಾರದು ಅನ್ನೋದು ಲೆಕ್ಕ. ಬೆಳಿಗ್ಗೆ ಒಂದು ಸಣ್ಣ ಲೋಟ, ಸಂಜೆ ಒಂದು, ಅಷ್ಟಕ್ಕೆ ನಾನು ನಿಲ್ಲಿಸಿದೆ. ಪರೀಕ್ಷೆ ಅಂತ ರಾತ್ರಿ ಹತ್ತಕ್ಕೆ ಇನ್ನೊಂದು ಬೇಡ. ಇದಕ್ಕಿಂತ ಮುಖ್ಯ, ಕಬ್ಬಿಣದ ಮಾತ್ರೆ ಮತ್ತು ಕಾಫಿ ಒಟ್ಟಿಗೆ ಹೋಗಬಾರದು, ಮಾತ್ರೆ ಮೈಗೆ ಹತ್ತಲ್ಲ. ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ನಾನು ಮಾಡಿಕೊಂಡಿದ್ದು: ಬೆಳಗಿನ ತಿಂಡಿ ಆದಮೇಲೆ ಒಂದು ಕ್ಯಾಲ್ಸಿಯಂ, ಮಧ್ಯಾಹ್ನ ಊಟ ಆಗಿ ಒಂದೆರಡು ಗಂಟೆ ಬಿಟ್ಟು ನಿಂಬೆ ಪಾನಕದ ಜೊತೆ ಕಬ್ಬಿಣ, ರಾತ್ರಿ ಊಟದ ಮೇಲೆ ಮತ್ತೊಂದು ಕ್ಯಾಲ್ಸಿಯಂ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಗಾಗುತ್ತೆ, ಕಟ್ಟಿಕೊಳ್ಳುತ್ತೆ, ಹೆದರಿ ನಿಲ್ಲಿಸಬೇಡಿ. ಸರ್ಕಾರಿ ಲೆಕ್ಕದಲ್ಲಿ ನಾಲ್ಕನೇ ತಿಂಗಳಿನಿಂದ ಕಡಿಮೆ ಅಂದರೂ 180 ದಿನ ನುಂಗಬೇಕು. ಡಾಕ್ಟರ್ ನಿಮಗೆ ಬೇರೆ ರೀತಿ ಹೇಳಿದ್ದರೆ ಅದೇ ಸರಿ.

ಓದುವುದು

ಇದಕ್ಕೆ ದೊಡ್ಡ ಉಪಾಯ ಏನಿಲ್ಲ. ಕಾಲೇಜಿನಿಂದ ಬಂದ ತಕ್ಷಣ ಪುಸ್ತಕ ತೆಗೆಯಬೇಡಿ, ಮುಕ್ಕಾಲು ಗಂಟೆ ಮಲಗಿ. ಆಮೇಲೆ ಅರ್ಧರ್ಧ ಗಂಟೆ ಓದಿ, ನಡುವೆ ಎದ್ದು ನಡೆಯಿರಿ. ಸಂಜೆ ಮಹಾರಾಜ ಪಾರ್ಕಿನಲ್ಲಿ ಎರಡು ಸುತ್ತು ಹಾಕುವಾಗ ನಮ್ಮನೆಯವರು ಪ್ರಶ್ನೆ ಕೇಳೋರು, ನಾನು ಉತ್ತರ ಹೇಳೋದು. ಅವರೂ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ ಕಟ್ಟಿದ್ದರು, ವಾಪಸ್ ಬರುವಾಗ ಅವರ ಸರದಿ. ಡಿಸೆಂಬರ್‌ನಲ್ಲಿ ಚಳಿ ಜಾಸ್ತಿಯಾಗಿ ಹೊರಗೆ ಹೋಗಲಾಗದೆ, ಕಂಬಳಿ ಹೊದ್ದು ಅವರೆಕಾಯಿ ಸುಲಿಯುತ್ತಾ ಅದೇ ಆಟ. ಒಂದು ಸೇರು ಹಿತಕಿದ ಬೇಳೆ ಆಗುವಷ್ಟರಲ್ಲಿ ಮಕ್ಕಳ ಬುದ್ಧಿ ಬೆಳೆಯುವ ಬಗ್ಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ನಾಲ್ಕೂ ಹಂತ ಬಾಯಿಪಾಠ. ಹುಟ್ಟಿನಿಂದ 2 ವರ್ಷ ಮೊದಲ ಹಂತ ಅಂತ ಹೇಳುವಾಗಲೇ ಒಳಗಿನಿಂದ ಒಂದು ಒದೆ ಬಿತ್ತು. ಆ ಪ್ರಶ್ನೆ ಜನ್ಮದಲ್ಲಿ ಮರೆಯಲ್ಲ.

ಕಾಗದ ಪತ್ರ, ದುಡ್ಡು

ಇದನ್ನು ಬೇಗ ಮುಗಿಸುತ್ತೇನೆ. ಗೊತ್ತಾದ ಕೂಡಲೇ ಬೀದಿಯ ಆಶಾ ಕಾರ್ಯಕರ್ತೆಯನ್ನು ಕಂಡು ತಾಯಿ ಕಾರ್ಡ್ ಮಾಡಿಸಿ, ಖಾಸಗಿ ಆಸ್ಪತ್ರೆಗೆ ಹೋಗುವವರೂ ಮಾಡಿಸಿ. ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂಪಾಯಿ ಬರುತ್ತೆ. ಆಧಾರ್ ಜೋಡಣೆಯಾದ ನಿಮ್ಮದೇ ಹೆಸರಿನ ಖಾತೆ ಬೇಕು, ಗಂಡನದು ನಡೆಯಲ್ಲ. ಅರ್ಜಿಯನ್ನು ಅಂಗನವಾಡಿ ಟೀಚರ್ ತುಂಬಿಸಿಕೊಡುತ್ತಾರೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ, ಕ್ಯಾಲೆಂಡರಿನಲ್ಲಿ ಅದಕ್ಕೂ ಒಂದು ಗುರುತು ಹಾಕಿ.

ರೆಕಾರ್ಡ್ ಬಾಕಿ ಇರಲಿ, ಪರೀಕ್ಷೆಯೇ ಇರಲಿ, ಎಲ್ಲ ಬಿಟ್ಟು ಹೊರಡಬೇಕಾದ ಸಂದರ್ಭಗಳನ್ನೂ ಆ ಕ್ಯಾಲೆಂಡರಿನ ಕೆಳಗೇ ಬರೆದಿದ್ದೆವು: ರಕ್ತ ಹೋಗುವುದು, ನೀರು ಹೋಗುವುದು, ತಡೆಯಲಾಗದ ತಲೆನೋವು ಬಂದು ಕಣ್ಣು ಮಂಜಾಗುವುದು, ಮುಖ ಕೈ ಏಕಾಏಕಿ ಊದುವುದು, ಜೋರು ಜ್ವರ, ಹೊಟ್ಟೆನೋವು, ಮಗು ಆಡುವುದು ಕಡಿಮೆಯಾಗುವುದು. ಪಕ್ಕದಲ್ಲೇ 108. ಬೆಳಗಾಗಲಿ ನೋಡೋಣ ಅನ್ನೋದು ಬೇಡ. ನನಗೆ 33ನೇ ವಾರದಲ್ಲಿ ಒಂದು ರಾತ್ರಿ ಮಗು ಆಡದೆ ಹೋಗಿ ಗಾಬರಿಯಾಗಿ ಹೋದೆವು. ಏನೂ ಆಗಿರಲಿಲ್ಲ. ಸುಮ್ನೆ ಬಂದಿರಲ್ಲ ಅಂತ ಯಾರೂ ಬೈಯಲಿಲ್ಲ.

ಬಾಣಂತನ ಮತ್ತು ಪರೀಕ್ಷೆ

ಮೊದಲ ಹೆರಿಗೆ ತವರಲ್ಲೇ ಆಗಬೇಕು ಅನ್ನೋದು ರೂಢಿ. ನಮ್ಮಮ್ಮನ ಮನೆ ಅರಕಲಗೂಡಿನ ಹತ್ತಿರದ ಹಳ್ಳಿ. ಇಂಟರ್ನ್‌ಶಿಪ್ ಮುಗಿಯುವುದೇ 36ನೇ ವಾರಕ್ಕೆ ಆದ್ದರಿಂದ ನಾನು ಹೋಗುವ ಬದಲು ಅಮ್ಮನೇ ಇಲ್ಲಿಗೆ ಬಂದರು. ಚಿಕ್ಕಮ್ಮಂದಿರು ಮುನಿಸಿಕೊಂಡರು, ಸೀಮಂತದ ಊಟ ಆದಮೇಲೆ ಸರಿಹೋದರು. ನೀವು ಹೋಗುವುದೇ ಆದರೆ ಹೆರಿಗೆ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿ, ಎಲ್ಲಾ ರಿಪೋರ್ಟ್ ಹಿಡಿದು ಒಂದೆರಡು ಸಲವಾದರೂ ಅಲ್ಲಿ ತೋರಿಸಿಕೊಳ್ಳಿ. ಬಾಣಂತಿ ಕೋಣೆ ಬೆಚ್ಚಗಿರಲಿ, ಆದರೆ ಬಾಗಿಲು ಕಿಟಕಿ ಮುಚ್ಚಿ ಕೆಂಡ, ಸಾಂಬ್ರಾಣಿ ಹೊಗೆ ಹಾಕಲು ಬಿಡಬೇಡಿ. ಇದೊಂದು ವಿಷಯಕ್ಕೆ ಅಮ್ಮನ ಜೊತೆ ನಾನು ಜಗಳವನ್ನೇ ಆಡಿದೆ.

ಪರೀಕ್ಷೆ ಬಂದಿದ್ದು ಮಗುವಿಗೆ ಐದು ವಾರ ಆದಾಗ. ಎಲ್ಲಾ ಪೇಪರ್ ಬರೆದೇ ತೀರುತ್ತೇನೆ ಅಂದುಕೊಂಡಿದ್ದೆ, ಆಗಲಿಲ್ಲ. ಎರಡು ಬಿಟ್ಟೆ, ಮುಂದಿನ ಸಲ ಕಟ್ಟಿ ಬರೆದೆ. ಬರೆದ ದಿನಗಳಲ್ಲಿ ಹೀಗೆ ಮಾಡಿದೆವು: ಹೊರಡುವ ಮುಂಚೆ ಹೊಟ್ಟೆ ತುಂಬ ಕುಡಿಸೋದು, ಅಮ್ಮ ಮಗುವನ್ನು ಎತ್ತಿಕೊಂಡು ನಮ್ಮ ಜೊತೆಗೇ ಬರೋದು, ಪರೀಕ್ಷೆ ಕೇಂದ್ರದ ಎದುರಿನ ಗೆಳತಿ ಮನೆಯಲ್ಲಿ ಕೂರೋದು. ಹಿಂಡಿಟ್ಟ ಹಾಲು ಒಂದು ಬಟ್ಟಲಲ್ಲಿ ಇರುತ್ತಿತ್ತು, ಅಮ್ಮ ಒಳಲೆಯಲ್ಲಿ ಕುಡಿಸೋರು. ಮೂರು ಗಂಟೆ ಆಗುವಷ್ಟರಲ್ಲಿ ರವಿಕೆ ಒದ್ದೆ. ಮಡಚಿದ ಹತ್ತಿ ಬಟ್ಟೆ ಒಳಗೆ ಇಟ್ಟುಕೊಳ್ಳಿ, ಕಡುಬಣ್ಣದ ಸೀರೆ ಉಡಿ. ಮತ್ತೆ ಬೆಂಚು ಬಾಗಿಲ ಹತ್ತಿರ ಕೊಡಿ ಅಂತ ಮೇಲ್ವಿಚಾರಕರನ್ನು ಮೊದಲ ದಿನವೇ ಕೇಳಿಬಿಡಿ, ಬೆಲ್ ಹೊಡೆದಾಗ ಎಲ್ಲರಿಗಿಂತ ಮೊದಲು ಹೊರಗೆ ಬರಬಹುದು.